ಬೆಳ್ಳಿ ಕರುಳು

ಬೀಟ್‌ರೂಟಿನದೇ ಇರಬೇಕು ಎಂದು ಅನ್ನಪೂರ್ಣ ತನಗೆ ತಾನೇ ಹೇಳಿಕೊಂಡಳು. ಹಿಂದಿನ ದಿನ ಖಾನಾವಳಿಯಲ್ಲಿ ಉಳಿದ ಬೀಟ್‌ರೂಟ್ ಪಲ್ಯವನ್ನು ಬೋಗುಣಿ ಬಳಿದು ತಿಂದವಳು ಅವಳೇ ಅಲ್ಲವೇ? ಬಚ್ಚಲಿನ ಗುಂಡಿಗೆ ಬಕೆಟ್ಟಿನಿಂದ ಇನ್ನಷ್ಟು ನೀರು ಸುರಿದಳು. ಕೆಂಪು ತೆಳುವಾಯಿತು, ಗುಲಾಬಿಯಾಯಿತು, ಹೋಯಿತು. ಹೋದ ಮೇಲೂ ಅವಳು ಗೋಡೆ ಹಿಡಿದು ಅಲ್ಲೇ ನಿಂತಿದ್ದಳು.

ಹೋದ ತಿಂಗಳು ಹೀಗೇ ಆದಾಗ ಬೀಟ್‌ರೂಟ್ ತಿಂದಿರಲಿಲ್ಲ. ಆಗ ಮುಟ್ಟಿನದಿರಬೇಕು ಅಂದುಕೊಂಡಿದ್ದಳು. ಅದಕ್ಕೂ ಹಿಂದಿನ ಸಲ ಮೂಲವ್ಯಾಧಿ ಇರಬೇಕು, ಖಾರ ಜಾಸ್ತಿಯಾಗಿದೆ ಅಂದುಕೊಂಡಿದ್ದಳು. ಪ್ರತಿಸಲವೂ ಒಂದೊಂದು ಹೆಸರು ಕೊಟ್ಟು ಕಳಿಸಿದ್ದಾಗಿತ್ತು. ಈ ಸಲವೂ ಹೆಸರು ಸಿಕ್ಕಿತು; ನಂಬಿಕೆ ಮಾತ್ರ ಸಿಗಲಿಲ್ಲ.

"ಪೂರ್ಣೀ! ಒಳಗೇನು ಗುಡಿ ಕಟ್ಟಾಕತ್ತೀಯೇನಬೇ? ಗಿರಾಕಿ ಬಂದು ಕುಂತಾರ, ರೊಟ್ಟಿ ಯಾರು ಬಡೀಬೇಕು?" ಹೊರಗಿನಿಂದ ಅವ್ವ ಮರುಳಸಿದ್ದಮ್ಮನ ಕೂಗು ಬಂತು.

"ಬಂದೆ" ಎಂದಳು ಅನ್ನಪೂರ್ಣ. ಅವಳು ದಿನಕ್ಕೆ ಆಡುವ ಮಾತುಗಳಲ್ಲಿ ಅರ್ಧ ಈ ಒಂದೇ ಮಾತಾಗಿತ್ತು.

ಕಡ್ಡಿರಾಂಪುರದಲ್ಲಿ, ಹೊಸಪೇಟೆಯಿಂದ ಹಂಪಿಗೆ ಹೋಗುವ ರಸ್ತೆಯ ಬಲಕ್ಕೆ ಅವರ ಮನೆ. ಮುಂದೆ ತಗಡಿನ ಮಾಡಿನ ಖಾನಾವಳಿ, ಹಿಂದೆ ಎರಡು ಕೋಣೆಯ ಮನೆ, ಅದರ ಹಿಂದೆ ಹಿತ್ತಲು, ಹಿತ್ತಲಲ್ಲಿ ಒಂದು ಪೇರಲ ಗಿಡ. ಅಪ್ಪ ಜಡೆಪ್ಪ ಗಲ್ಲಾದಲ್ಲಿ ಕೂತು ಹಂಪಿ ನೋಡಬಂದವರ ಊರು ಕೇರಿ ವಿಚಾರಿಸುತ್ತಿದ್ದ, ಅವ್ವ ಒಲೆಯ ಮುಂದೆ ಇರುತ್ತಿದ್ದಳು, ಬಿ.ಎಸ್ಸಿ. ಮುಗಿಸಿ, ಬಿ.ಎಡ್. ಮುಗಿಸಿ, ಮೇಷ್ಟ್ರ ನೇಮಕಾತಿಯ ಪರೀಕ್ಷೆಗೆ ಓದುತ್ತ ಓದುತ್ತ ಇಪ್ಪತ್ತಾರು ದಾಟಿಸಿದ್ದ ಮಗಳು ಇಬ್ಬರ ನಡುವೆ ತಾಟು ಸಾಗಿಸುತ್ತಿದ್ದಳು. "ಈಕಿ ಪಾಠ ಹೇಳಾಕ ನಿಂತ್ರ ಹುಡುಗ್ರು ಕಿವಿ ಡಾಕ್ಟರ ಹತ್ರ ಹೋಗಬೇಕಾಗ್ತೈತಿ, ಏನೂ ಕೇಳಸವಲ್ದು ಅಂತ" ಎಂದು ಅವ್ವ ಗಿರಾಕಿಗಳ ಮುಂದೆಯೇ ನಗೆಯಾಡುತ್ತಿದ್ದಳು. ಬಾಯಿ ಬಿಡದಿದ್ದರೂ ಅನ್ನಪೂರ್ಣ ದಿನಚರಿ ಬರೆಯುತ್ತಿದ್ದಳು, ಕಾಲೇಜಿನ ಕಾಲದಿಂದ. ಮಳೆ, ಗುಡ್ಡದ ಮೇಲಿನ ಮಂಜು, ಊಟಕ್ಕೆ ಬಂದ ಮುದುಕಿಯೊಬ್ಬಳ ಸೀರೆಯ ಬಣ್ಣ ಎಲ್ಲ ಅದರಲ್ಲಿ ಇರುತ್ತಿದ್ದವು. ಬಚ್ಚಲಿನ ಕೆಂಪನ್ನು ಮಾತ್ರ ಅದರಲ್ಲೂ ಬರೆದಿರಲಿಲ್ಲ. ಬರೆದರೆ ಅದು ಆದಂತೆ ಎಂಬ ಹೆದರಿಕೆ.

ಹೆದರಿಕೆಗೆ ಕಾರಣವಿತ್ತು. ಕೆಂಪನ್ನು ಆ ಮನೆಯಲ್ಲಿ ಮೊದಲು ಕಂಡವನು ಜಡೆಪ್ಪ.

ಹೋದ ವರ್ಷದ ಮುಂಗಾರಿನಲ್ಲಿ ಅಪ್ಪ ಒಂದು ದಿನ ಬಚ್ಚಲಿನಿಂದ ಬಂದವನು ಗಲ್ಲಾಕ್ಕೆ ಹೋಗದೆ ಹೊರಸಿನ ಮೇಲೆ ಮಲಗಿದ್ದ. ಮೂಲವ್ಯಾಧಿ ಎಂದು ನಾಟಿ ಔಷಧಿ ಆಯಿತು, ಮೂಲಂಗಿ ರಸ ಆಯಿತು. ಕೊನೆಗೆ ಹೊಸಪೇಟೆಯ ಒಂದು ಆಸ್ಪತ್ರೆಗೆ ಮಂಗಳವಾರ ಶುಕ್ರವಾರ ಮಾತ್ರ ಬರುವ ಹೊಟ್ಟೆಯ ಡಾಕ್ಟರು ಕೊಳವೆ ಹಾಕಿ ನೋಡಿದರು. ಕರುಳಿನ ಒಳಗೋಡೆಗೆ ಮಳೆಗಾಲದ ಅಣಬೆಯ ಹಾಗೆ ಗಂಟುಗಳು ಎದ್ದಿದ್ದವು. ಅವನ್ನು ಕತ್ತರಿಸಿ ತೆಗೆದು, ಪರೀಕ್ಷೆಗೆ ಕಳಿಸಿ, ವಾರದ ಮೇಲೆ ಕರೆಸಿ ಹೇಳಿದರು. ಅವತ್ತು ಒಳಗೆ ಹೋದವರು ಅಪ್ಪ ಮತ್ತು ಅನ್ನಪೂರ್ಣ. ಫೈಲು ಅವಳ ಕೈಯಲ್ಲಿತ್ತು.

"ಇದು ಕ್ಯಾನ್ಸರ್ ಅಲ್ಲ" ಎಂದಿದ್ದರು ಡಾಕ್ಟರು. "ಆದರೆ ಬಿಟ್ಟಿದ್ದರೆ ಆಗುವ ದಾರಿಯಲ್ಲಿತ್ತು. ತೆಗೆದಾಯ್ತು, ಮುಗೀತು ಅಂದುಕೋಬೇಡಿ. ಹತ್ತಕ್ಕೂ ಹೆಚ್ಚು ಇದ್ದವು, ಮತ್ತೆ ಹುಟ್ಟುವ ಜಾತಿ ಇದು. ವರ್ಷಕ್ಕೆ ಸರಿಯಾಗಿ ಬನ್ನಿ, ಮತ್ತೆ ನೋಡಲೇಬೇಕು."

ಜಡೆಪ್ಪ ಮೊದಲ ವಾಕ್ಯವನ್ನು ಗಂಟು ಕಟ್ಟಿಕೊಂಡು ಎದ್ದೇಬಿಟ್ಟಿದ್ದ. ಬಾಗಿಲಿನ ಹತ್ತಿರ ಡಾಕ್ಟರು ಅನ್ನಪೂರ್ಣಳನ್ನು ನಿಲ್ಲಿಸಿದ್ದರು. "ನೀನು ಮಗಳಾ? ಇಷ್ಟೊಂದು ಗಂಟು ಇರೋರ ಮನೆಯಲ್ಲಿ ಮಕ್ಕಳಿಗೂ ಬರೋದುಂಟಮ್ಮ. ನೀನೂ ಒಮ್ಮೆ ತೋರಿಸಿಕೋ. ಹೆದರೋದೇನಿಲ್ಲ, ತಡ ಮಾಡಬಾರದು ಅಷ್ಟೇ." ಅವಳು ತಲೆಯಾಡಿಸಿದ್ದಳು. ಮನೆಗೆ ಬಂದು ಅಪ್ಪನ ವಿಷಯವನ್ನೆಲ್ಲ ಬಿಡದೆ ಹೇಳಿದ್ದಳು. ತನ್ನ ವಿಷಯ ಬಂದಾಗ ನೀರು ಕುಡಿಯಲು ಎದ್ದು ಹೋಗಿದ್ದಳು.

ಕ್ಯಾನ್ಸರ್ ಅಲ್ಲ ಎಂಬ ಮಾತು ಕೇಳಿದ್ದೇ ಮರುಳಸಿದ್ದಮ್ಮ ಸೆರಗು ಕಣ್ಣಿಗೆ ಒತ್ತಿಕೊಂಡಳು. ಅವಳು ಆಗಲೇ ಗುಡ್ಡದ ಮೇಲಿನ ಜಂಬುನಾಥನಿಗೆ ಹರಕೆ ಹೊತ್ತಿದ್ದಳು. ಕಣ್ಣು ನೋವಾದವರು ಬೆಳ್ಳಿಯ ಕಣ್ಣು ಒಪ್ಪಿಸುತ್ತಾರೆ, ಕಾಲು ನೋವಾದವರು ಕಾಲು. ಗಂಡನ ಕರುಳು ಉಳಿದರೆ ಬೆಳ್ಳಿಯ ಕರುಳು ಒಪ್ಪಿಸುತ್ತೇನೆ ಎಂದು ಇವಳು ಬೇಡಿಕೊಂಡಿದ್ದಳು. ಹೊಸಪೇಟೆಯ ಬೆಳ್ಳಿ ಕೆಲಸದ ಪತ್ತಾರ ತಲೆ ಕೆರೆದುಕೊಂಡಿದ್ದ.

"ಕರುಳಾ? ಕಣ್ಣು ಮಾಡೀನಿ, ತೊಟ್ಲಾ ಮಾಡೀನಿ, ಒಬ್ರಿಗೆ ಹಲ್ಲಿನ ಸೆಟ್ಟೂ ಮಾಡೀನಿ. ಕರುಳು ಹೆಂಗಿರ್ತೈತಬೇ ಯಮ್ಮಾ?"

"ನಿನ್ನ ಹೊಟ್ಟ್ಯಾಗ ಇಲ್ಲೇನು? ಅದನ್ನ ನೋಡಿ ಮಾಡು" ಎಂದಿದ್ದಳು ಮರುಳಸಿದ್ದಮ್ಮ.

ಅವನು ತಂತಿ ಸುತ್ತಿ ಸುತ್ತಿ ಚಕ್ಕಲಿಯಂಥದೊಂದನ್ನು ಮಾಡಿಕೊಟ್ಟ. ಅದನ್ನು ಗುಡ್ಡ ಹತ್ತಿ ಒಪ್ಪಿಸಿ ಬಂದದ್ದಾಯಿತು. ಇಳಿಯುವಾಗ ಜಡೆಪ್ಪ, "ನನ್ನ ಕರುಳು ಇನ್ನ ದೇವರ ಕಬಜಾದಾಗ ಐತಿ ನೋಡು. ರಿಪೇರಿ ಏನಿದ್ರೂ ಅವಂದ" ಎಂದು ನಕ್ಕಿದ್ದ. ಆ ನಗುವಿನಲ್ಲಿ ಅನ್ನಪೂರ್ಣಳೂ ನಕ್ಕಿದ್ದಳು.

ವರ್ಷ ತುಂಬಿತು. ಆಸ್ಪತ್ರೆಯಿಂದ ಅವಳ ಫೋನಿಗೆ ಕರೆ ಬಂತು. ಅವಳು ಅಪ್ಪನಿಗೆ ಹೇಳಿದಳು. ಗಿರಾಕಿ ಬಹಳ, ಮುಂದಿನ ವಾರ ನೋಡೋಣ ಎಂದ. ಮತ್ತೆ ಕರೆ ಬಂತು; ಅವ್ವನ ಮೊಣಕಾಲು ಹಿಡಿದಿತ್ತು. ಮತ್ತೊಂದು ಸಲ ಕೇಳಿದಾಗ ಅವ್ವನೇ ರೇಗಿದಳು: "ದೇವರಿಗೆ ಒಪ್ಪಿಸಿದ್ದನ್ನ ಮತ್ತ ಡಾಕ್ಟರಿಗೆ ತೋರಸ್ತೀವಿ ಅಂದ್ರ ಆತ ಏನಂದಾನು? ನನ್ನ ಮ್ಯಾಲೆ ನಂಬಿಕಿ ಇಲ್ಲೇನು ಅನ್ನಂಗಿಲ್ಲ?" ಅನ್ನಪೂರ್ಣಳ ಬಳಿ ಉತ್ತರವಿತ್ತು. ಅವಳು ತಾಟು ಎತ್ತಿಕೊಂಡು ಹೊರಗೆ ಹೋದಳು.

ಅಷ್ಟರಲ್ಲಿ ಜಡೆಪ್ಪನ ಲುಂಗಿಯ ಗಂಟು ದಿನದಿನಕ್ಕೆ ಒಳಸರಿಯತೊಡಗಿತ್ತು. ಮೊದಲು ನೀರಿನ ಕೊಡವನ್ನು ಒಂದೇ ಕೈಯಲ್ಲಿ ಎತ್ತುತ್ತಿದ್ದವನು ಈಗ ಕೊಡವನ್ನು ಅರ್ಧ ತುಂಬುತ್ತಿದ್ದ. ಗಿರಾಕಿಗಳ ಊರು ಕೇಳುವುದನ್ನು ಬಿಟ್ಟಿದ್ದ. ಒಂದು ಮಧ್ಯಾಹ್ನ ಗಲ್ಲಾದ ಮೇಲೆ ತಲೆಯಿಟ್ಟು ನಿದ್ದೆ ಹೋದವನನ್ನು ಗಿರಾಕಿಯೇ ತಟ್ಟಿ ಎಬ್ಬಿಸಿದ. ಅವತ್ತು ಅವನೇ, "ಹೋಗಿ ಬರೂಣ ನಡೀಬೇ ಪೂರ್ಣೀ. ನಿನ್ನ ಫೋನಿನ ಕಾಟ ತಪ್ಪಲಿ" ಎಂದ.

ಮಂಗಳವಾರಕ್ಕೆ ದಿನ ಗೊತ್ತಾಯಿತು. ಶ್ರಾವಣ ಮಾಸ. ಹಿಂದಿನ ದಿನ ಸೋಮವಾರ.

ಆಸ್ಪತ್ರೆಯವರು ಕೊಟ್ಟ ಹಾಳೆ ಇಂಗ್ಲಿಷಿನಲ್ಲಿತ್ತು. ಅನ್ನಪೂರ್ಣ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕನ್ನಡದಲ್ಲಿ ಹೇಳಿದಳು. ಹಿಂದಿನ ದಿನ ಗಟ್ಟಿ ಆಹಾರ ಏನೂ ಬೇಡ. ಎಳನೀರು, ಸೋಸಿದ ಗಂಜಿ, ಸಕ್ಕರೆ ನೀರು ಮಾತ್ರ. ಸಂಜೆಗೆ ಪುಡಿ ಕಲಸಿದ ಔಷಧಿ ನೀರು. ಕರುಳು ಪೂರ್ತಿ ಖಾಲಿಯಾಗಬೇಕು.

"ಅಂದ್ರ ಉಪವಾಸ" ಎಂದಳು ಮರುಳಸಿದ್ದಮ್ಮ.

"ಉಪವಾಸ ಅಂದ್ರ..."

"ಸೋಮವಾರನ ಬಂತು ನೋಡು! ಯಾರು ತರಿಸಿದ್ರು ಅಂದ್ಕೊಂಡಿ?" ಅವಳ ಮುಖ ಅರಳಿತು. ಗುಡ್ಡದ ದೇವರ ಮುನಿಸಿನ ಭಯ ಒಂದೇ ಏಟಿಗೆ ಹೋಗಿತ್ತು. "ಮೂವತ್ತು ವರ್ಷ ಶ್ರಾವಣ ಸೋಮವಾರ ಹಿಡದೀನಿ. ಉಪವಾಸ ನೀನು ನನಗ ಕಲಸ್ತೀಯಾ? ಈ ಸಲ ಇಬ್ರೂ ಕೂಡೇ ಹಿಡೀತೀವಿ."

ಅವಳ ಲೆಕ್ಕದಲ್ಲಿ ಉಪವಾಸವೆಂದರೆ ಅನ್ನ ರೊಟ್ಟಿ ಮುಟ್ಟದಿರುವುದು. ಫಲಾಹಾರ ಊಟದ ಲೆಕ್ಕಕ್ಕೆ ಬರುವುದಿಲ್ಲ. ಹೊತ್ತಿಗೊಂದಿಷ್ಟು ಬಾಯಿಗೆ ಹಾಕಿಕೊಳ್ಳದಿದ್ದರೆ ತಲೆ ತಿರುಗುತ್ತದೆ, ಅದು ದೇವರಿಗೂ ಗೊತ್ತು. ಸೋಮವಾರ ಬೆಳಿಗ್ಗೆ ಶೇಂಗಾ ಹುರಿದು ಬೆಲ್ಲ ಹಾಕಿ ಉಂಡೆ ಕಟ್ಟಿದಳು. ಸಾಬುದಾಣಿ ನೆನೆಸಿದಳು. ಖಾನಾವಳಿಗೆ ಬಂದವರಿಗೆ ಬಡಿಸುತ್ತ ಅನ್ನಪೂರ್ಣ ಅಪ್ಪನಿಗೆ ಎಳನೀರು ಕೊಟ್ಟಳು, ಗಂಜಿ ಸೋಸಿ ಕೊಟ್ಟಳು, ಅವನು ಕುಡಿದ. ಎಲ್ಲ ಸರಿಯಾಗಿ ನಡೆಯುತ್ತಿದೆ ಎಂದು ಅವಳಿಗೆ ಅನ್ನಿಸಿತ್ತು.

ಮಧ್ಯಾಹ್ನ ತಾಟು ತೊಳೆಯಲು ಹಿತ್ತಲಿಗೆ ಬಂದಾಗ ಅಪ್ಪ ಪೇರಲ ಗಿಡದ ಕೆಳಗೆ ಕಲ್ಲಿನ ಮೇಲೆ ಕೂತಿದ್ದ. ಮಡಿಲಲ್ಲಿ ತಾಟು, ತಾಟಿನಲ್ಲಿ ಹೆಚ್ಚಿದ ಪೇರಲಹಣ್ಣು, ಒಳಗೆ ಕೆಂಪಗಿರುವ ಜಾತಿ, ಮೇಲೆ ಉಪ್ಪು ಖಾರ. ಪಕ್ಕದಲ್ಲಿ ಎರಡು ಶೇಂಗಾ ಉಂಡೆ. ಅವ್ವ ಎದುರಿಗೆ ಕುಕ್ಕರಗಾಲಲ್ಲಿ ಕೂತು ತಾನೂ ಒಂದು ಹೋಳು ಕಡಿಯುತ್ತಿದ್ದಳು.

"ಪೂಜಾರಿ ಮಗಳ ಕೈ ಹಿಡದ್ರ ಇದನ್ನ ನೋಡು ಲಾಭ. ಉಪವಾಸ ಅಂದ್ರ ದಿನಕ್ಕಿಂತ ಎರಡು ಹೊತ್ತು ಜಾಸ್ತಿ ತಿನ್ನಾದು" ಎಂದು ಜಡೆಪ್ಪ ಅನ್ನುತ್ತಿದ್ದ.

"ಬಾಯಿ ಮುಚ್ಚಿ ತಿನ್ರಿ. ದೇವರು ಕೇಳಿಸ್ಕೊಂಡಾನು."

ಅಪ್ಪ ನಕ್ಕ. ಎಷ್ಟೋ ತಿಂಗಳ ಮೇಲೆ ಅವನು ರುಚಿಯಿಂದ ತಿನ್ನುತ್ತಿದ್ದ. ಅವ್ವ ಅವನ ಗಲ್ಲಕ್ಕೆ ಅಂಟಿದ ಖಾರದ ಪುಡಿಯನ್ನು ಸೆರಗಿನಿಂದ ಒರೆಸಿದಳು. ಮಗಳ ಮುಂದೆ ಎಂದೂ ಹಾಗೆ ಮಾಡಿದವಳಲ್ಲ. ಅನ್ನಪೂರ್ಣ ತಾಟುಗಳನ್ನು ಎದೆಗೆ ಒತ್ತಿಕೊಂಡು ಬಾಗಿಲಲ್ಲಿ ನಿಂತಳು. ಹೇಳಬೇಕಾದದ್ದು ಸುಲಭವಾಗಿತ್ತು: ಬೀಜ ಇರೋದು ತಿನ್ನಬಾರದು, ನಾಳೆ ಡಾಕ್ಟರಿಗೆ ಏನೂ ಕಾಣಲ್ಲ. ಆದರೆ ಹಾಗೆ ಹೇಳಬೇಕಾದರೆ ಕರುಳು, ಮಲ, ಖಾಲಿ ಅನ್ನುವ ಮಾತುಗಳನ್ನು ಅಪ್ಪನ ಮುಂದೆ ಇನ್ನೊಮ್ಮೆ ಆಡಬೇಕು. ತಿನ್ನುತ್ತಿರುವವನ ಕೈಯ ತುತ್ತು ಕಸಿಯಬೇಕು. ಅವ್ವನ ಮೂವತ್ತು ವರ್ಷದ ಸೋಮವಾರಗಳನ್ನು ಸುಳ್ಳು ಮಾಡಬೇಕು. ಒಂದೆರಡು ಹೋಳಿಗೆ ಏನಾದೀತು, ಸಂಜೆಯ ಔಷಧಿ ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ ಎಂದು ಅದಕ್ಕೂ ಒಂದು ಹೆಸರು ಕೊಟ್ಟಳು. ತಾಟು ಕೆಳಗಿಟ್ಟು ಬೂದಿ ಹಚ್ಚತೊಡಗಿದಳು.

ಸಂಜೆ ಜಡೆಪ್ಪ ಔಷಧಿ ನೀರನ್ನು ಮೂಗು ಹಿಡಿದು ಕುಡಿದ. "ಥೂ ಇದರವ್ನ, ಉಪ್ಪು ನೀರಿಗೆ ನಿಂಬಿಹಣ್ಣಿನ ವಾಸ್ನಿ ತೋರ್ಸಿ ತಂದಾರ" ಎಂದ. ಹತ್ತು ಹೆಜ್ಜೆಯ ಬಚ್ಚಲಿಗೆ ಓಡಾಡಿ ಓಡಾಡಿ ಸುಸ್ತಾದರೂ, "ಡ್ಯಾಮಿನ ಗೇಟು ತೆಗದಾರ, ನದಿ ದಂಡಿಯವ್ರೆಲ್ಲ ಹುಷಾರಾಗಿರ್ರೆಪಾ" ಎಂದು ಬಾಗಿಲ ಹಿಂದಿನಿಂದ ಕೂಗಿ ಹೆಂಡತಿಯನ್ನು ನಗಿಸಿದ. ಅನ್ನಪೂರ್ಣಳಿಗೂ ಆ ಕ್ಷಣ ಧೈರ್ಯ ಬಂತು.

ಮರುದಿನ ಆಸ್ಪತ್ರೆಯಲ್ಲಿ ಅವನನ್ನು ಒಳಗೆ ಕರೆದೊಯ್ದರು. ಹಿಂದೆ ತೆರೆದಿರುವ ಹಸಿರು ನಿಲುವಂಗಿ ಹಾಕಿಕೊಂಡು, ಎರಡು ಕೈಯಿಂದ ಬೆನ್ನ ಹಿಂದೆ ಬಟ್ಟೆ ಹಿಡಿದುಕೊಂಡು, ಮಗಳತ್ತ ನೋಡದೆ ಒಳಗೆ ಹೋದ. ಅವಳು ಹೊರಗಿನ ಬೆಂಚಿನ ಮೇಲೆ ಫೈಲು ಹಿಡಿದು ಕೂತಳು. ಬೆಂಚು ತುಂಬ ಜನ. ಬುಕ್ಕಸಾಗರದ ಕಡೆಯ ಹೆಂಗಸೊಬ್ಬಳು ಭತ್ತದ ನಾಟಿ ಅರ್ಧಕ್ಕೆ ಬಿಟ್ಟು ಬಂದದ್ದನ್ನು ಎಲ್ಲರಿಗೂ ಹೇಳುತ್ತಿದ್ದಳು.

ಅಂದುಕೊಂಡದ್ದಕ್ಕಿಂತ ಬಹಳ ಬೇಗ ಬಾಗಿಲು ತೆರೆಯಿತು. ತಳ್ಳುಮಂಚದ ಮೇಲೆ ಅಪ್ಪ ಹೊರಬಂದ. ಮಂಚ ತಳ್ಳುತ್ತಿದ್ದ ಸಿಸ್ಟರು ಆ ಓಣಿಯ ಕೊನೆಯವರೆಗೆ ಕೇಳುವಂತೆ ಮಾತಾಡುತ್ತಿದ್ದಳು.

"ಯಜಮಾನ್ರ, ಉಪವಾಸ ಇದ್ದು ಬರ್ರಿ ಅಂದ್ರ ಪೇರಲಹಣ್ಣಿನ ತ್ವಾಟಾನ ನುಂಗಿ ಬಂದೀರಲ್ರಿ! ಮ್ಯಾಲೆ ಶೇಂಗಾ ಬ್ಯಾರೆ. ಡಾಕ್ಟರು ಕ್ಯಾಮೆರಾ ಬಿಟ್ಟಿದ್ದು ಕರುಳು ನೋಡಾಕ, ಬೀಜ ಎಣಸಾಕ ಅಲ್ಲ."

ಬೆಂಚಿನ ಮೇಲಿದ್ದವರು ನಕ್ಕರು. ಬುಕ್ಕಸಾಗರದ ಹೆಂಗಸು ಸೆರಗು ಬಾಯಿಗೆ ಅಡ್ಡ ಹಿಡಿದಳು. ಜಡೆಪ್ಪ ಕಣ್ಣು ಮುಚ್ಚಿಕೊಂಡ. ನಿದ್ದೆಯ ಔಷಧಿಯ ಮಂಪರೆಂದು ಬೇರೆಯವರು ತಿಳಿದಿರಬಹುದು. ರೆಪ್ಪೆ ಬಿಗಿಯಾಗಿ ಹಿಡಿದದ್ದು ಅನ್ನಪೂರ್ಣಳಿಗೆ ಕಂಡಿತು.

ಡಾಕ್ಟರು ಅವಳನ್ನು ಒಬ್ಬಳನ್ನೇ ಕರೆದರು. ಅವರಿಗೆ ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೇ ವಾಸಿಯಿತ್ತು.

"ಕರುಳಿನ ಮೊದಲ ತಿರುವಿನವರೆಗೆ ಅಷ್ಟೇ ಹೋಗೋಕಾಯ್ತು. ಅದರಾಚೆ ಏನೂ ಕಾಣಲಿಲ್ಲ. ಆದರೆ ಆ ತಿರುವಿನಲ್ಲೇ ಒಂದು ದೊಡ್ಡದು ಮತ್ತೆ ಎದ್ದಿದೆ. ಇದರ ಮೇಲ್ಮೈ ನನಗೆ ಸರಿ ಕಾಣ್ತಿಲ್ಲಮ್ಮ. ಗಲೀಜಿನಲ್ಲಿ ಕತ್ತರಿ ಆಡಿಸೋಕೆ ಆಗಲ್ಲ. ಶುಕ್ರವಾರ ಬನ್ನಿ. ಯಾವ ಕಾರಣಕ್ಕೂ ತಪ್ಪಿಸಬೇಡಿ. ಈಗಾಗಲೇ ತಡವಾಗಿದೆ." ಫೈಲಿನಲ್ಲಿ ಹಳೆಯ ಪುಟ ತಿರುವಿ ತಲೆ ಎತ್ತಿದರು. "ಹೋದ ಸಲ ನಿನಗೂ ಹೇಳಿದ್ದೆ. ತೋರಿಸಿಕೊಂಡೆಯಾ?"

"ಇಲ್ಲ ಸರ್."

"ತೊಂದರೆ ಏನಾದರೂ ಇದೆಯಾ?"

ಬಾಗಿಲು ಅರ್ಧ ತೆರೆದಿತ್ತು. ಹೊರಗೆ ಅದೇ ಬೆಂಚು, ಅದೇ ಜನ. "ಇಲ್ಲ ಸರ್" ಎಂದಳು ಅನ್ನಪೂರ್ಣ.

ವಾಪಸು ಬರುವಾಗ ಆಟೋದಲ್ಲಿ ಅವಳು ಡಾಕ್ಟರ ಮಾತನ್ನು ಅಪ್ಪನಿಗೆ ಹೇಳಿದಳು. ಅವನು ಗದ್ದೆಗಳ ಕಡೆಗೇ ಮುಖ ಮಾಡಿ ಕೂತಿದ್ದ. ಕಾಲುವೆ ತುಂಬಿ ಹರಿಯುತ್ತಿತ್ತು. ಕೇಳಿಸಿಕೊಂಡನೋ ಇಲ್ಲವೋ ಗೊತ್ತಾಗಲಿಲ್ಲ. ಊರು ಹತ್ತಿರ ಬಂದಾಗ, "ಅಷ್ಟು ಮಂದಿ ಮುಂದ" ಎಂದ. ಅಷ್ಟೇ.

ಮನೆಯಲ್ಲಿ ಮರುಳಸಿದ್ದಮ್ಮ ಆರತಿ ತಟ್ಟೆ ಇಟ್ಟುಕೊಂಡು ಕಾದಿದ್ದಳು. ಸಂಗತಿ ಕೇಳಿ ಮೊದಲು ಜಗಳಕ್ಕೆ ನಿಂತಳು. "ಪ್ಯಾರಲಹಣ್ಣು ಊಟ ಹೆಂಗಾಗ್ತೈತಿ? ಮುಕ್ಕಣ್ಣನಿಗೆ ನಡೆಯೋದು ಡಾಕ್ಟರಿಗೆ ನಡಿಯಂಗಿಲ್ಲೇನು?" ಆಮೇಲೆ ಆರತಿ ತಟ್ಟೆಯನ್ನು ನೆಲಕ್ಕಿಟ್ಟು ಅದರ ಪಕ್ಕವೇ ಕೂತುಬಿಟ್ಟಳು. "ನನ್ನ ಕೈಯಾರೆ ತಿನಿಸಿದೆ ಅನ್ರಿ ಹಂಗಾದ್ರ. ನಾನ ತಿನಿಸಿದೆ." ಅನ್ನಪೂರ್ಣ ಅವಳ ಭುಜದ ಮೇಲೆ ಕೈ ಇಟ್ಟಳು. ನಾನೂ ನೋಡಿ ಸುಮ್ಮನಿದ್ದೆ ಅವ್ವಾ ಎಂದು ಹೇಳಲಿಕ್ಕೆ ಬಾಯಿ ತೆರೆದಳು. ಆಗಲೇ ಫೋನು ಬಡಿದುಕೊಂಡಿತು.

ಕಂಪ್ಲಿಯಿಂದ ಶಂಭುಲಿಂಗ ಕಾಕಾ. ಅಪ್ಪನ ತಮ್ಮ, ಅಲ್ಲಿ ಅಕ್ಕಿ ಗಿರಣಿ ನಡೆಸುವವನು. ಗಿರಣಿಯ ಸದ್ದಿನಲ್ಲಿ ಮಾತಾಡಿ ರೂಢಿಯಾದ ಅವನ ದನಿ ಫೋನನ್ನು ಕಿವಿಯಿಂದ ಮಾರು ದೂರ ಹಿಡಿದರೂ ಕೇಳುತ್ತಿತ್ತು.

"ಅಣ್ಣಾ, ಸಂಡೂರಿನವ್ರು ಒಪ್ಯಾರ! ಹುಡುಗ ಬಸವಕುಮಾರ, ಮೈನ್ಸ್ ಆಫೀಸಿನ್ಯಾಗ ಅದಾನ, ಸಂಭಾವಿತ. ನಮ್ಮ ಪೂರ್ಣಿ ಫೋಟೋ ನೋಡಿ ಮನಿ ಮಂದಿಗೆಲ್ಲ ಹಿಡಿಸ್ಯಾಳ. ಶುಕ್ರವಾರ ನೋಡಾಕ ಬರ್ತಾರ. ಶ್ರಾವಣ ಶುಕ್ರವಾರ, ಇದಕ್ಕಿಂತ ಚಲೋ ದಿನ ಬೇಕೇನು? ಅವರು ಮಾತು ಕಮ್ಮಿ ಇರೋ ಹುಡುಗಿನ ಬೇಕಂದಾರಪಾ, ಅದರಾಗ ನಮ್ಮಾಕಿ ಡಿಸ್ಟಿಂಕ್ಷನ್ನು!"

ಜಡೆಪ್ಪ ಹೊರಸಿನ ಮೇಲೆ ಕಾಲು ಚಾಚಿದ. "ಬರ್ಲಿ" ಎಂದ.

"ಶುಕ್ರವಾರ ಆಸ್ಪತ್ರಿ ಐತಿ" ಎಂದಳು ಅನ್ನಪೂರ್ಣ. ಎಷ್ಟು ಮೆಲ್ಲಗೆ ಹೇಳಿದಳೆಂದರೆ ತಾನು ಹೇಳಿದೆನೋ ಅಂದುಕೊಂಡೆನೋ ಅವಳಿಗೇ ತಿಳಿಯಲಿಲ್ಲ. ಅವ್ವನಿಗೆ ಕೇಳಿಸಿತ್ತು.

"ಆಸ್ಪತ್ರಿ ಎಲ್ಲೂ ಓಡಿ ಹೋಗಂಗಿಲ್ಲ" ಎಂದು ಕಣ್ಣೊರೆಸಿಕೊಂಡು ಎದ್ದಳು ಮರುಳಸಿದ್ದಮ್ಮ. ಅವಳಿಗೂ ಹಿಡಿದುಕೊಳ್ಳಲು ಏನೋ ಒಂದು ಸಿಕ್ಕಿತ್ತು. "ಒಂದು ಮಾತು ಹೇಳ್ತೀನಿ ಕೇಳು. ಅವರು ಬಂದಾಗ ಕೊಳವಿ ಸುದ್ದಿ, ಗಂಟಿನ ಸುದ್ದಿ, ಏನೂ ಎತ್ತಬ್ಯಾಡ. ಮನಿತನಕ್ಕ ಅಂಟಿದ ಬ್ಯಾನಿ ಅಂದ್ಬಿಟ್ಟಾರು. ನೀ ಎಲ್ಲಿ ಎತ್ತೀ ಬಿಡು, ನಿನ್ನ ಬಾಯಾಗ ನಾಲಗಿ ಇದ್ರಲ್ಲ?"

ಬುಧವಾರ ಹೋಯಿತು. ಗುರುವಾರ ಅವ್ವ ಮನೆ ಸಾರಿಸಿದಳು, ಹಸಿರು ರೇಷ್ಮೆ ಸೀರೆಯನ್ನು ಟ್ರಂಕಿನಿಂದ ತೆಗೆದು ಹಗ್ಗಕ್ಕೆ ಹಾಕಿದಳು. ಕೇಸರಿಬಾತಿಗೆ ರವೆ ಜರಡಿ ಹಿಡಿದಳು. ಅಂದು ಬೆಳಿಗ್ಗೆಯೇ ಅನ್ನಪೂರ್ಣ ಬಚ್ಚಲಿನಲ್ಲಿ ಮತ್ತೆ ನಿಂತಿದ್ದಳು. ಮೂರು ದಿನದಿಂದ ಮನೆಯಲ್ಲಿ ಬೀಟ್‌ರೂಟ್ ಇರಲಿಲ್ಲ, ಮುಟ್ಟಿಗೆ ಇನ್ನೂ ದಿನವಿತ್ತು, ಖಾರವನ್ನು ಅವಳೇ ಬಿಟ್ಟಿದ್ದಳು. ಕೊಡಲಿಕ್ಕೆ ಒಂದು ಹೆಸರೂ ಉಳಿದಿರಲಿಲ್ಲ. ನೀರು ಸುರಿದಳು. ಈ ಸಲ ತೆಳುವಾಗಲಿಕ್ಕೆ ಬಹಳ ನೀರು ಬೇಕಾಯಿತು.

ದಿನವಿಡೀ ಯಾಂತ್ರಿಕವಾಗಿ ಕೆಲಸ ಮಾಡಿದಳು. ಅಪ್ಪ ಕೂತ ಜಾಗದಿಂದ ಏಳುವಾಗ ಗಲ್ಲಾದ ಅಂಚು ಹಿಡಿಯುವುದನ್ನು ನೋಡಿದಳು. ಈ ಶುಕ್ರವಾರ ತಪ್ಪಿದರೆ ಮುಂದಿನ ಮಂಗಳವಾರ, ಅದು ತಪ್ಪಿದರೆ ನಿಶ್ಚಯ, ಆಮೇಲೆ ಮದುವೆ. ತನ್ನ ಮದುವೆಯ ಚಪ್ಪರದ ಕಂಬಗಳೆಲ್ಲ ಅಪ್ಪನ ಕರುಳಿನ ಆ ಮೊದಲ ತಿರುವಿನಲ್ಲೇ ನೆಟ್ಟಂತೆ ಅವಳಿಗೆ ಕಂಡಿತು. ತಾನು ಬಾಯಿ ಮುಚ್ಚಿಕೊಂಡಿದ್ದರೆ ಅಪ್ಪ ಹೋಗುತ್ತಾನೆ. ಬಾಯಿ ಬಿಟ್ಟರೆ ಸಂಡೂರಿನವರು ಹೋಗುತ್ತಾರೆ, ಅವ್ವನ ದೇವರು ಹೋಗುತ್ತಾನೆ, ಮಗಳ ಮದುವೆಯೆಂಬ, ಅಪ್ಪನಿಗೆ ಉಳಿದಿರುವ ಒಂದೇ ಸಮಾಧಾನವೂ ಹೋಗುತ್ತದೆ. ಬಾಯಿ ಬಿಟ್ಟರೂ ಅಪ್ಪ ಉಳಿಯುತ್ತಾನೆಂದು ಯಾರೂ ಹೇಳಿರಲಿಲ್ಲ. ತಾನು ಉಳಿಯುತ್ತೇನೆಂದೂ.

ಸಂಜೆಯ ಬಿಸಿಲು ಇನ್ನೂ ಗುಡ್ಡದ ಮೇಲಿರುವಾಗ ಅವಳು ಹಿತ್ತಲಿಗೆ ಬಂದಳು. ಅಪ್ಪ ಪೇರಲ ಗಿಡದ ಕೆಳಗೆ ಕೂತು, ಗಿಳಿ ಕಚ್ಚಿ ಬೀಳಿಸಿದ ಹಣ್ಣುಗಳನ್ನು ಒಂದೊಂದಾಗಿ ಆರಿಸಿ ಬುಟ್ಟಿಗೆ ಹಾಕುತ್ತಿದ್ದ. ನಾಳೆ ಬರುವವರಿಗೆ ಹಿತ್ತಲು ಸ್ವಚ್ಛ ಕಾಣಬೇಕಲ್ಲ.

"ಅಪ್ಪಾ, ನಾಳೆ ಆಸ್ಪತ್ರಿಗೆ ಹೋಗೂಣು. ಅವರಿಗೆ ಬ್ಯಾರೆ ದಿನ ಹೇಳಿದ್ರಾತು."

"ಬಂದೇನಬೇ ತಾಯಿ?" ಎಂದ ಅವನು, ಅವಳು ಎಲ್ಲಿಂದಲೋ ಊರಿನಿಂದ ಬಂದ ಹಾಗೆ. "ಕುಂದರು."

ಅವಳು ಕೂರಲಿಲ್ಲ.

"ಅಲ್ಲಿ ಮತ್ತ ಹೋಗಂಗಿಲ್ಲ ನಾನು" ಎಂದ ಜಡೆಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. "ಆ ಸಿಸ್ಟರು ಬೈದದ್ದಕ್ಕ ಅಂತ ತಿಳೀಬ್ಯಾಡ. ಬೈಲಿ, ನಗ್ಲಿ, ಅದೇನು ದೊಡ್ಡದಲ್ಲ. ನನಗ ಗೊತ್ತಾಗೈತವಾ. ಮನಷ್ಯಾನ ಮೈ ಅವನಿಗೆ ಹೇಳ್ತೈತಿ. ನಿಮ್ಮವ್ವನ ಮುಂದ ಅನ್ನಬ್ಯಾಡ, ತಾನು ಪ್ಯಾರಲಹಣ್ಣು ಕೊಟ್ಟಿದ್ದಕ್ಕ ಹಿಂಗಾತು ಅಂತ ಸಾಯೂತನಕ ಕೊರಗ್ತಾಳ." ಒಂದು ಹಣ್ಣನ್ನು ತಿರುಗಿಸಿ ನೋಡಿದ. ಗಿಳಿ ಕಚ್ಚಿದ ಕಡೆ ಒಳಗಿನ ಕೆಂಪು ಕಾಣುತ್ತಿತ್ತು. ಅದನ್ನೂ ಬುಟ್ಟಿಗೆ ಹಾಕಿದ.

"ಡಾಕ್ಟರು ಇನ್ನೂ ತೆಗೀಬಹುದು ಅಂದಾರಪ್ಪಾ."

"ಅಂತಾರ. ತೆಗೀತಾರ, ಮತ್ತ ಹುಟ್ಟತಾವು, ಮತ್ತ ಕೊಳವಿ, ಮತ್ತ ಆ ಹಿಂದ ತೆರೆದ ಅಂಗಿ. ಎಷ್ಟು ಸಲ? ನೀನು ಒಂದು ಮನಿ ಸೇರಿದ್ರ ನನಗ ಅಷ್ಟ ಸಾಕು. ನಾಳೆ ಅವರು ಬರ್ತಾರ, ನೀನು ಹಸರು ಸೀರಿ ಉಟಗೊಂಡು ನಗನಗತಾ ಇರು. ಒಂದು ಸಮಾಧಾನ ಅಂದ್ರ..." ಅವನು ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು ಮಗಳ ಮುಖ ನೋಡಿದ. ಮಂಗಳವಾರದಿಂದ ಮೊದಲ ಸಲ ಅವಳ ಮುಖ ನೋಡುತ್ತಿದ್ದ. "ಈ ಹಾಳು ಬ್ಯಾನಿ ನನಗ ಬಂತು. ನಿನಗ ಬರಲಿಲ್ಲ. ನನ್ನ ಕೂಡ ಬಂದದ್ದು ನನ್ನ ಕೂಡ ಹೋಗ್ತೈತಿ."

ಒಳಗೆ ಅವ್ವ ರವೆ ಹುರಿಯುವ ವಾಸನೆ ಬರುತ್ತಿತ್ತು. ಹಗ್ಗದ ಮೇಲೆ ಹಸಿರು ಸೀರೆ ಗಾಳಿಗೆ ಉಬ್ಬಿ, ಇಳಿದು, ಮತ್ತೆ ಉಬ್ಬಿತು. ತಲೆಯಾಡಿಸಿ ಒಳಗೆ ಹೋಗಿಬಿಡುವುದು ಅವಳಿಗೆ ಬಹಳ ಚೆನ್ನಾಗಿ ಗೊತ್ತಿತ್ತು. ಕಾಲು ಅರ್ಧ ತಿರುಗಿಯೂ ಇತ್ತು. ಆದರೆ ಅಪ್ಪ ಇನ್ನೂ ಅವಳನ್ನೇ ನೋಡುತ್ತಿದ್ದ, ಉಳಿದದ್ದೆಲ್ಲ ಕೊಟ್ಟು ಒಂದೇ ಒಂದನ್ನು ಉಳಿಸಿಕೊಂಡವನ ಹಾಗೆ.

"ಅದು ನಿನ್ನ ಕೂಡ ಹೋಗಂಗಿಲ್ಲಪ್ಪಾ" ಎಂದಳು. ದನಿ ಅವಳದೇ, ಆದರೆ ಒಳಗೆ ಒಲೆಯ ಮುಂದಿದ್ದ ಅವ್ವನಿಗೂ ಕೇಳುವಷ್ಟು ಗಟ್ಟಿಯಾಗಿತ್ತು. "ನನಗೂ ರಕ್ತ ಹೋಗಾಕತ್ತೈತಿ."